ಕಲ್ಲು ಬಿಚ್ಚಿ ತೂಗಿದಾಗ

ಖಾದರ್ ಸಾಬರ ಚೀಲದ ಹೊಲಿಗೆ ಬಿಚ್ಚಿ ಕಲ್ಲುಗಳನ್ನು ಒಂದೊಂದಾಗಿ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದೆ. ಇಪ್ಪತ್ತೇಳನೆಯದೋ ಇಪ್ಪತ್ತೆಂಟನೆಯದೋ ಕೈಯಲ್ಲಿತ್ತು. ಸಂಘದಲ್ಲಿ ನಾನು ಮಾಡುವ ಕೆಲಸಗಳಲ್ಲಿ ಇದೂ ಒಂದು. ಯಾರಾದರೂ ಹೋದರೆ ಅವರ ಕಲ್ಲು ನಮ್ಮಲ್ಲಿಗೆ ವಾಪಸು ಬರುತ್ತದೆ. ಬೆವರಿನ ಜಿಡ್ಡು ಬಿಡುವ ಹಾಗೆ ಸೀಗೆಪುಡಿ ಹಾಕಿ ಉಜ್ಜಬೇಕು, ಬಿಸಿಲಿಗೆ ಹರವಬೇಕು, ಒಣಗಿದ ಮೇಲೆ ಹೊಸ ಚೀಲದಲ್ಲಿ ಹೊಲಿದು ಮುಂದಿನವರಿಗೆ ಕಟ್ಟಬೇಕು. ಒಂದು ಕಲ್ಲು ಅಂದರೆ ಸರಿಯಾಗಿ ಒಂದು ಕಿಲೋ. ಕ್ವಾರಿಯಲ್ಲಿ ಹಾಗೆಯೇ ಕಡಿಸಿ, ಅಂಚು ಚುಚ್ಚದಂತೆ ಉಜ್ಜಿಸಿ ತರಿಸುತ್ತಿದ್ದೆವು. ತೊಳೆದದ್ದನ್ನು ಬುಟ್ಟಿಗೆ ಹಾಕುತ್ತಾ ಹೋದೆ. ಮುಗಿಯುತ್ತದೆ ಅಂದುಕೊಂಡಾಗಲೆಲ್ಲ ಚೀಲದ ತಳದಲ್ಲಿ ಇನ್ನೊಂದು ಸಿಗುತ್ತಿತ್ತು. ಕೊನೆಗೆ ಎಣಿಸಿದರೆ ಮೂವತ್ತೊಂಬತ್ತು.

ಖಾದರ್ ಸಾಬರು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಹಿಂದಿನ ಬುಧವಾರ ಅವರ ಹಿತ್ತಲಿನಲ್ಲಿ ಬೆತ್ತದ ಕುರ್ಚಿ ಇತ್ತು, ಕುರ್ಚಿಯ ಮೇಲೆ ಕಲ್ಲಿನ ಚೀಲ ಇತ್ತು, ಅವರಿರಲಿಲ್ಲ. ಚೀಲದ ದಾರ ಹರಿದಿರಲಿಲ್ಲ, ಗಂಟು ಬಿಚ್ಚಿತ್ತು. ಬೀದಿಯವರು ಒಂದು ಸಲ ತಲೆ ಎತ್ತಿ ಆಕಾಶ ನೋಡಿದರು, ಆಮೇಲೆ ಒಳಗೆ ಹೋದರು. ಗಂಟಿನ ವಿಚಾರ ಯಾರೂ ಎತ್ತಲಿಲ್ಲ.

ನಮ್ಮೂರಿನಲ್ಲಿ ವಯಸ್ಸಾದವರು ಕೆಲವರು ಹಗುರವಾಗುತ್ತಾರೆ. ಎಲ್ಲರೂ ಅಲ್ಲ, ಕೆಲವರು. ಪರವೂರಿನವರು ಕೇಳಿದರೆ ಕಣ್ಣರಳಿಸುತ್ತಾರೆ, ನಮಗೆ ಅದು ಮಂಡಿನೋವಿನ ಹಾಗೆ. ಬೀದಿಯುದ್ದಕ್ಕೂ ಕೈಗೆಟಕುವ ಎತ್ತರದಲ್ಲಿ ಹಗ್ಗ ಕಟ್ಟಿರುತ್ತೇವೆ. ತೊಟ್ಟಿಮನೆಯ ಅಂಗಳಕ್ಕೆ ಮೀನಿನ ಬಲೆ ಹೊದಿಸುತ್ತೇವೆ. ಹೋಟೆಲಿನ ಬೆಂಚುಗಳಿಗೆ ಪಟ್ಟಿ ಇರುತ್ತದೆ, ದೋಸೆ ಬರುವ ಮುಂಚೆ ಮಾಣಿ ಬಂದು ಪಟ್ಟಿ ಬಿಗಿದು ಹೋಗುತ್ತಾನೆ. ಆಷಾಢದಲ್ಲಿ ಮಾತ್ರ ಸ್ವಲ್ಪ ಕಷ್ಟ, ಗಾಳಿ ಬೀಸುತ್ತದೆ.

ಸಂಘ ಬರುವ ಮೊದಲು ‘ಕೈ ಸರದಿ’ ಅಂತ ಒಂದು ಪದ್ಧತಿ ಇತ್ತು. ಬೀದಿಯ ಒಂದೊಂದು ಮನೆಗೆ ಒಂದೊಂದು ದಿನ. ಆ ದಿನ ಆ ಮನೆಯವರು ಬೀದಿಯಲ್ಲಿರುವ ಹಗುರದವರನ್ನೆಲ್ಲ ಕೈಹಿಡಿದು ನಲ್ಲಿಗೆ, ಅಂಗಡಿಗೆ, ಕಟ್ಟೆಗೆ ಕರೆದುಕೊಂಡು ಹೋಗಿ ಮತ್ತೆ ಮನೆ ಮುಟ್ಟಿಸಬೇಕು. ಎಲ್ಲರೂ ಗೊಣಗುತ್ತಿದ್ದರು. ಒಲೆ ಮೇಲೆ ಅನ್ನ ಇಟ್ಟು ಹೋದವಳು ಮುದುಕಿ ಬೆಂಡೆಕಾಯಿ ಆರಿಸಿ ಮುಗಿಸುವುದರೊಳಗೆ ಸೀದ ವಾಸನೆ ಹಿಡಿದುಕೊಂಡು ಓಡಿ ಬರಬೇಕಿತ್ತು. ಹಾಗಿರುವಾಗ ಪಂಚಾಕ್ಷರಯ್ಯನವರು ಸಂಘ ಕಟ್ಟಿದರು. ಭೂಸ್ಪರ್ಶ ಸೇವಾ ಸಂಘ ಅಂತ ಬೋರ್ಡು. ಜನ ಕರೆಯುವುದು ಕಲ್ಲು ಸಂಘ. ದೂರದ ನಗರದ ಒಂದು ದತ್ತಿಯವರು ಕಲ್ಲಿನ ಖರ್ಚು ವಹಿಸಿಕೊಂಡರು, ಅವರು ನಿಲ್ಲಿಸಿದ ದಿನ ಕಲ್ಲೆಲ್ಲ ವಾಪಸು ಕೊಡಬೇಕು ಅಂತ ಕರಾರು. ಹಗುರದವರಿಗೆ ಸೊಂಟಕ್ಕೂ ಹೆಗಲಿಗೂ ಕಲ್ಲು ಕಟ್ಟಿದೆವು. ಅವರು ತಮ್ಮಷ್ಟಕ್ಕೆ ತಾವೇ ನಲ್ಲಿಗೆ ಹೋದರು. ಮೊದಲ ದಿನ ಊರೇ ನಿಂತು ಚಪ್ಪಾಳೆ ತಟ್ಟಿತು. ಕೈ ಸರದಿ ಯಾರೂ ನಿಲ್ಲಿಸು ಅನ್ನದೆ ತಾನಾಗಿ ನಿಂತುಹೋಯಿತು.

ನನಗೆ ಕೊಟ್ಟ ಕೆಲಸ ತೂಕ ಬರೆಯುವುದು. ಐವತ್ತನಾಲ್ಕನೆಯ ವಯಸ್ಸಿಗೆ ರಾತ್ರಿ ಶಾಲೆಗೆ ಸೇರಿ, ಮೂರು ವರ್ಷ ಕೂತು ಅಕ್ಷರ ಕಲಿತವಳು ನಾನು. ನನ್ನ ಬರವಣಿಗೆ ದುಂಡಗಿದೆ ಅಂತ ಪಂಚಾಕ್ಷರಯ್ಯನವರು ಮೆಚ್ಚಿಕೊಂಡು ರಿಜಿಸ್ಟರು ಕೈಗೆ ಕೊಟ್ಟಾಗ ನನ್ನ ಯಜಮಾನರು ಬದುಕಿದ್ದರೆ ನೋಡುತ್ತಿದ್ದರಲ್ಲ ಅನ್ನಿಸಿತ್ತು. ತಿಂಗಳಿಗೊಮ್ಮೆ ತಳ್ಳುಗಾಡಿಯಲ್ಲಿ ತೂಕದ ಯಂತ್ರ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದೆ. ಹತ್ತಿ ಅನ್ನುವುದು, ಮುಳ್ಳು ನೋಡುವುದು, ಹೋದ ತಿಂಗಳಿಗಿಂತ ಕಡಿಮೆ ಇದ್ದರೆ ಮುಳ್ಳು ಹಳೆಯ ಜಾಗಕ್ಕೆ ಬರುವಷ್ಟು ಕಲ್ಲು ಸೇರಿಸುವುದು, ‘ಕ್ಷೇಮ’ ಅಂತ ಬರೆಯುವುದು. ಒಂದು ಮನೆಗೆ ಮೂರು ನಿಮಿಷ. ದತ್ತಿಯವರು ಕಳಿಸಿದ ಅಚ್ಚಿನ ಹಾಳೆಯಲ್ಲಿ ಮೂರೇ ಕಾಲಂ: ಎಷ್ಟು ಜನ, ಎಷ್ಟು ತೂಕ, ಈ ತಿಂಗಳು ಕೊಟ್ಟ ಕಲ್ಲು ಎಷ್ಟು. ತಿಂಗಳ ಕೊನೆಗೆ ಮೊತ್ತ ಹಾಕಿ ಕಳಿಸಿದರೆ ಮುಗಿಯಿತು. ತೂಕ ಒಂದು ಗ್ರಾಮೂ ಇಳಿಯದೆ ನಿಂತಿತ್ತು, ಕೊಟ್ಟ ಕಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಎರಡನ್ನೂ ನಕ್ಷೆಯಲ್ಲಿ ಗೆರೆಗಳಾಗಿ ಪಂಚಾಕ್ಷರಯ್ಯನವರು ಕೆಂಪು ಶಾಯಿಯಲ್ಲಿ ಬರೆಸಿ, ಗಾಜು ಹಾಕಿಸಿ, ಆಫೀಸಿನ ಗೋಡೆಗೆ ತೂಗುಹಾಕಿದ್ದರು.

ಖಾದರ್ ಸಾಬರ ಕಲ್ಲು ಒಣಗಲು ಹಾಕಿ ಒಳಗೆ ಬಂದು ರಿಜಿಸ್ಟರು ತೆಗೆದೆ. ಮೂರು ವರ್ಷದಲ್ಲಿ ತಿಂಗಳ ಲೆಕ್ಕ ಹಾಕಿದ್ದೆನೇ ಹೊರತು ಒಬ್ಬರ ಲೆಕ್ಕ ಅಂತ ಎಂದೂ ಹಾಕಿರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಅವರೊಬ್ಬರ ಹೆಸರು ಬರೆದು ಪ್ರತಿ ತಿಂಗಳ ಪುಟದಿಂದ ಅವರ ಸಾಲನ್ನು ಎತ್ತಿ ಇಳಿಸುತ್ತಾ ಬಂದೆ. ತೂಕ ಐವತ್ತೆರಡು, ಕಲ್ಲು ಒಂದು. ತೂಕ ಐವತ್ತೆರಡು, ಕಲ್ಲು ಎರಡು. ತೂಕ ಐವತ್ತೆರಡು, ಕಲ್ಲು ಒಂದು. ಪ್ರತಿ ಸಾಲಿನ ಕೊನೆಗೆ ನನ್ನದೇ ದುಂಡನೆಯ ಅಕ್ಷರದಲ್ಲಿ ಕ್ಷೇಮ, ಕ್ಷೇಮ, ಕ್ಷೇಮ. ಕೆಳಗೆ ಐವತ್ತೆರಡರಲ್ಲಿ ಮೂವತ್ತೊಂಬತ್ತು ಕಳೆದೆ. ಹದಿಮೂರು ಬಂತು. ತಪ್ಪಿರಬೇಕು ಅಂತ ಇನ್ನೊಂದು ಸಲ ಕಳೆದೆ.

ನಾವು ಜನರನ್ನು ಕಲ್ಲಿನ ಸಮೇತ ತೂಗುತ್ತಿದ್ದೆವು. ನಾಲ್ಕು ಜನರ ಮುಂದೆ ಕಲ್ಲು ಬಿಚ್ಚುವುದೆಂದರೆ ಬಟ್ಟೆ ಬಿಚ್ಚಿದ ಹಾಗೆ, ಮರ್ಯಾದೆಯಲ್ಲ. ಆದ್ದರಿಂದ ಬಿಚ್ಚಿ ಅಂತ ನಾನು ಕೇಳಲಿಲ್ಲ, ಅವರು ಬಿಚ್ಚಲಿಲ್ಲ.

ಪಂಚಾಕ್ಷರಯ್ಯನವರಿಗೆ ಹಾಳೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

“ಅಂದ್ರೆ ಏನ್ ಹೇಳ್ತಿದೀರಿ ಚನ್ನಾಜಮ್ಮ?”

“ನಾವು ಕೊಟ್ಟಿದ್ದು ಅಂತ ಬರ್ಕೊಂಡಿದ್ದೆಲ್ಲ ಅವರು ಕಳ್ಕೊಂಡಿದ್ದು ಅಧ್ಯಕ್ಷರೇ. ಒಂದು ಕಲ್ಲು ಸೇರಿಸ್ದೆ ಅಂದ್ರೆ ಒಂದು ಕಿಲೋ ಮನುಷ್ಯ ಕಮ್ಮಿ ಆದ ಅಂತ.”

“ಒಬ್ರದ್ದು ನೋಡಿ ಹಾಗೆಲ್ಲ ಅನ್ಬೇಡಿ. ಸಾಬರಿಗೆ ಮೊದ್ಲಿಂದ್ಲೂ ಊಟ ಅಷ್ಟಕ್ಕಷ್ಟೆ.”

“ಅದಕ್ಕೇ ಎಲ್ಲಾರದ್ದೂ ನೋಡಣ ಅಂತ. ಬಾಗ್ಲು ಹಾಕ್ಕೊಂಡು, ಕಲ್ಲು ಬಿಚ್ಚಿ.”

“ಬಿಚ್ಚಿಸಿ ತೂಗೋದಾ!” ಅವರ ಕನ್ನಡಕ ಮೂಗಿಗೆ ಜಾರಿತು. “ಊರೋರು ನನ್ನ ಮುಖಕ್ಕೆ ಉಗೀತಾರೆ. ನಿಮಗ್ಯಾಕೆ ಈ ವಯಸ್ಸಲ್ಲಿ ಇಲ್ಲದ ಉಸಾಬರಿ?”

ಬೇಡ ಅಂತ ಅವರು ಹೇಳಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡು ಮರುದಿನ ಗಾಡಿ ತಳ್ಳಿಕೊಂಡು ಹಾಲಮ್ಮನ ಮನೆಗೆ ಹೋದೆ. ಹಾಲಮ್ಮ ನನಗಿಂತ ಆರು ವರ್ಷ ದೊಡ್ಡವಳು. ಅವಳ ಮನೆಯವರು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಭಟ್ಟಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಗೋಡೆಯಲ್ಲಿ ಇನ್ನೂ ಉಪ್ಪು ಹುರಿದ ವಾಸನೆ ಇದೆ. ಬಾಗಿಲ ಸಂದಿಯಿಂದ ನೋಡಿ, “ಏನೇ, ಈ ತಿಂಗಳು ಬಂದು ಹೋದ್ಯಲ್ಲ, ಮತ್ಯಾಕ್ ಬಂದೆ?” ಅಂದಳು.

“ಕಲ್ಲು ಬಿಚ್ಚಿ ತೂಗಬೇಕಿತ್ತು ಹಾಲಕ್ಕ.”

ಬಾಗಿಲು ಪೂರ್ತಿ ತೆರೆದಳು. “ಕಿಟಕಿ ಹಾಕು ಹಂಗಾದ್ರೆ,” ಅಂದಳು.

ಕಿಟಕಿ ಹಾಕಿದೆ, ಬಾಗಿಲಿಗೆ ಅಗುಳಿ ಹಾಕಿದೆ. ನಡುಮನೆಯ ಕಂಬಕ್ಕೆ ಒಂದು ಸೀರೆ ಕಟ್ಟಿ ಇನ್ನೊಂದು ತುದಿಯನ್ನು ಅವಳ ಮುಂಗೈಗೆ ಸಡಿಲವಾಗಿ ಸುತ್ತಿದೆ. ಅವಳೇ ಗಂಟು ಬಿಚ್ಚಿಕೊಂಡಳು. ಮೊದಲು ಹೆಗಲಿನದು, ಆಮೇಲೆ ಸೊಂಟದ್ದು. ಚೀಲಗಳು ನೆಲಕ್ಕೆ ಬಿದ್ದ ಸದ್ದಿಗೆ ಅಟ್ಟದ ಮೇಲಿನ ಬೆಕ್ಕು ಹೊರಗೆ ಓಡಿತು. ಕಲ್ಲಿನ ಪಟ್ಟಿ ಇದ್ದ ಜಾಗದಲ್ಲಿ ರವಿಕೆ ತೇಯ್ದು ಬೆಳ್ಳಗಾಗಿತ್ತು. ಯಂತ್ರದ ಮೇಲೆ ಕಾಲಿಟ್ಟಳು. ಮುಳ್ಳು ಅಲುಗಿತು, ಅಷ್ಟೆ. ಬಗ್ಗಿ ನೋಡಿದೆ. ಆರು.

“ಎಷ್ಟು?”

“ಆರು ಹಾಲಕ್ಕ.”

“ಮಂಡಕ್ಕಿ ಮಾರ್ತಾ ಮಾರ್ತಾ ನಾನೇ ಮಂಡಕ್ಕಿ ಆಗ್ಬಿಟ್ಟೆ ನೋಡು. ಒಂದು ಸೇರಿಗೆ ಎಷ್ಟು ಕೊಡ್ತೀಯ?” ಅಂತ ನಕ್ಕಳು. ನಗುವಾಗ ಅವಳ ಪಾದ ಯಂತ್ರದಿಂದ ಎರಡು ಬೆರಳು ಮೇಲೆದ್ದಿತು. ನಾನು ಮಣಿಕಟ್ಟು ಹಿಡಿದುಕೊಂಡೆ. ಹಿಡಿದ ಕೈಯೊಳಗೆ ಏನೂ ಇದ್ದಂತಿರಲಿಲ್ಲ.

“ನಿಂಗೆ ಗೊತ್ತಿತ್ತಾ?”

“ನನ್ನ ಮೈ ನಂಗೆ ಗೊತ್ತಿರಲ್ವೇನೇ? ಸ್ನಾನಕ್ಕೆ ಬಿಚ್ಚಿದಾಗ ಹಂಡೆ ಕಿವಿ ಹಿಡ್ಕೊಂಡು ನಿಲ್ತೀನಿ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೆಲ್ಲಿ ಕೇಳ್ದೆ? ಹತ್ತು ಅಂದೆ ಹತ್ತಿದೆ, ಇಳಿ ಅಂದೆ ಇಳಿದೆ. ಒಂದು ಕಲ್ಲು ಸಿಕ್ಕಿಸ್ದೆ, ಬರ್ಕೊಂಡೆ, ಹೋದೆ. ಆ ದತ್ತಿಯೋರು ಕಾರಲ್ಲಿ ಬಂದಿದ್ರಲ್ಲ, ಅವ್ರೂ ಅಷ್ಟೆ. ಕಲ್ಲು ಬಂತೇನಜ್ಜಿ ಅಂದ್ರು. ಬಂತು ಸ್ವಾಮಿ ಅಂದೆ. ಹೊಲಿಗೆ ಗಟ್ಟಿ ಇದೆಯಾ ಅಂದ್ರು. ಇದೆ ಸ್ವಾಮಿ ಅಂದೆ. ಅವರು ಕೇಳಿದ್ದು ಕಲ್ಲಿನ ಯೋಗಕ್ಷೇಮ. ನಂದಲ್ಲ.”

ಮತ್ತೆ ಕಟ್ಟುವಾಗ ಅವಳ ಬೆನ್ನಿನ ಕಡೆಯ ಗಂಟನ್ನು ನಾನು ಹಾಕಿದೆ. ಯಾವಾಗಿಂದ ಹೀಗೆ ಅಂತ ಕೇಳಿದೆ. ಕಲ್ಲು ಬಂದ ಮೊದಲ ದಿನ ಅವಳಿಗೆ ಆರು ಕಲ್ಲು ಕಟ್ಟಿದ್ದು, ಒಟ್ಟು ನಲವತ್ತಾರು ಅಂತ ಬರೆದದ್ದು ರಿಜಿಸ್ಟರಿನಲ್ಲಿತ್ತು. ಅಂದರೆ ಆ ದಿನ ಅವಳು ನಲವತ್ತಿದ್ದಳು.

“ಅದೆಲ್ಲ ನಂಗೇನ್ ಗೊತ್ತು,” ಅಂದಳು. “ಮುಂಚೆ ಪಕ್ಕದ ಮನೆ ಶಿವಲೀಲ ಬರೋಳು. ಸರದಿ ಇದ್ದ ದಿನ ಬಂದು ಕೈ ಹಿಡ್ಕೊಂಡು ಎಳ್ಕೊಂಡು ಹೋಗೋಳು. ಬೈಕೊಂಡೇ ಹೋಗೋಳು ಅನ್ನು. ಅತ್ತೆ ಮೇಲೆ, ಗಂಡನ ಮೇಲೆ, ನಲ್ಲಿ ನೀರಿನ ಮೇಲೆ. ನಲ್ಲಿ ಹತ್ರ ಹೋಗೋ ಹೊತ್ತಿಗೆ ನಂಗೆ ಇಡೀ ಬೀದಿ ಸುದ್ದಿ ಗೊತ್ತಾಗೋದು. ಕಲ್ಲು ಬಂದ್ಮೇಲೆ ಒಂದು ದಿನ ಬಾಗ್ಲಲ್ಲೇ ನಿಂತು, ಇನ್ನು ನಿಮಗೆ ಕಲ್ಲಿದೆಯಲ್ಲಜ್ಜಿ ಅಂದ್ಲು. ಹೂಂ ಅಂದೆ. ಆಮೇಲೆ ಅವಳ ಒಗ್ಗರಣೆ ವಾಸನೆ ಬರುತ್ತೆ, ಅವಳು ಬರಲ್ಲ.”

ಸಂಘದ ಪಟ್ಟಿಯಲ್ಲಿ ನಾನು ಹೋಗಬೇಕಾದ ಮನೆ ಇನ್ನೂ ಹದಿಮೂರು ಇದ್ದವು. ಎರಡು ವಾರ ತಿರುಗಿದೆ. ಹತ್ತು ಮಂದಿ ಬಿಚ್ಚಲು ಒಪ್ಪಿದರು. ಒಬ್ಬರು ಬಾಗಿಲು ಮುಖಕ್ಕೆ ಹಾಕಿದರು, ಇಬ್ಬರು ಅತ್ತರು. ಇಪ್ಪತ್ತು ಕಿಲೋ ದಾಟಿದವರು ಇಬ್ಬರೇ. ಅವರಲ್ಲಿ ಒಬ್ಬಾಕೆಯ ಜಗಲಿಯಲ್ಲಿ ಹಾಲಿನ ಡೈರಿಯವರು ಎರಡು ಹೊತ್ತೂ ಹಾಲು ಅಳೆಯುತ್ತಾರೆ, ಜನ ಗಲಗಲ ಅನ್ನುತ್ತಿರುತ್ತಾರೆ. ಇನ್ನೊಬ್ಬರು ಯಾಕೆ ಹಾಗೆ ಉಳಿದರೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅಂತಲೇ ಬರೆದುಕೊಂಡೆ.

ಆಗ ಚಮ್ಮಾರಿಕೆಯ ಸಣ್ಣೀರಪ್ಪನ ನೆನಪಾಯಿತು. ಅವನು ಹಗುರದವನು, ಆದರೆ ನಮ್ಮ ರಿಜಿಸ್ಟರಿನಲ್ಲಿಲ್ಲ. ಸಂಘದ ಕಲ್ಲು ತೆಗೆದುಕೊಂಡವರನ್ನು ಮಾತ್ರ ನಾವು ತೂಗುತ್ತಿದ್ದದ್ದು. ಅವನು ಅರಳಿಮರದ ಬೇರಿಗೆ ತನ್ನ ಕಾಲನ್ನು ಚರ್ಮದ ಪಟ್ಟಿಯಿಂದ ಕಟ್ಟಿಕೊಂಡು ಚಪ್ಪಲಿ ಹೊಲಿಯುತ್ತಿದ್ದ.

“ನಿಂಗ್ಯಾಕಪ್ಪ ಕಲ್ಲು ಬೇಡ ಅಂದಿದ್ದು?” ಅಂತ ಕೇಳಿದೆ.

“ಕಲ್ಲು ಕಟ್ಕಳಕ್ಕೆ ನಾನೇನ್ ಕೆರೆಗೆ ಎಸೆಯೋ ಹೆಣನೇನವ್ವ?” ಅಂದ. “ನನ್ನ ಮನೆಯಿಂದ ಈ ಮರಕ್ಕೆ ದಿನಾ ಯಾರಾದ್ರೂ ಹಿಡ್ಕಂಡು ಬರ್ಲೇಬೇಕು. ಬರ್ತಾರೆ, ಬೈತಾರೆ. ನಾನೂ ಬೈತೀನಿ. ನಿನ್ನೆ ಆ ಟೀ ಅಂಗಡಿಯೋನು ದಾರೀಲಿ ನಿಲ್ಸಿ, ಹಳೇ ಚಪ್ಪಲಿ ಹೊಲಿದ್ಕೊಡ್ತೀಯೋ ಇಲ್ಲ ಇಲ್ಲೇ ಕೈ ಬಿಡ್ಲೋ ಅಂದ. ಬಿಡೋ ನೋಡಣ ಅಂದೆ.”

“ಬಿಟ್ನಾ?”

“ಬಿಡ್ತಾನಾ? ಚಪ್ಪಲಿ ಬೇಕಲ್ಲ.”

ತೂಗಿದೆ. ನಲವತ್ತನಾಲ್ಕು. ಅವನಿಗೆ ಎಂಬತ್ತರ ಹತ್ತಿರ ವಯಸ್ಸು.

ಇಷ್ಟರಿಂದ ಕಾರಣ ಇದೇ ಅಂತ ಹೇಳುವಷ್ಟು ಓದಿದವಳಲ್ಲ ನಾನು. ಆದರೆ ಬೇರೆ ಬೇರೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಏನು ಕಾಣುತ್ತದೆಯೋ ಅದು ಕಂಡಿತು. ಕಾರ್ತಿಕ ಮಾಸದಲ್ಲಿ ದತ್ತಿಯವರಿಗೆ ಕಾಗದ ಬರೆದೆ. ಮೂರು ಸಲ ಬರೆದು ಹರಿದು ನಾಲ್ಕನೆಯ ಸಲ ಸರಿಯಾಯಿತು. ನಾವು ತಪ್ಪಾಗಿ ತೂಗಿದ್ದೇವೆ ಅಂತ ಮೊದಲ ಸಾಲಿನಲ್ಲೇ ಬರೆದೆ. ಹೆಸರು ಹಾಕದೆ, ಬಿಚ್ಚಿ ತೂಗಿದ ಲೆಕ್ಕ ಬರೆದೆ. ಕಲ್ಲು ನಿಲ್ಲಿಸಬೇಡಿ, ಈಗ ನಿಲ್ಲಿಸಿದರೆ ಇವರು ಒಂದು ದಿನವೂ ನೆಲದ ಮೇಲೆ ಇರಲಾರರು, ಆದರೆ ನಿಮ್ಮ ಅಚ್ಚಿನ ಹಾಳೆಗೆ ಇನ್ನೆರಡು ಕಾಲಂ ಸೇರಿಸಿ ಅಂತ ಕೇಳಿಕೊಂಡೆ. ಒಂದು, ಕಲ್ಲು ಬಿಚ್ಚಿ ತೂಗಿದಾಗ ಎಷ್ಟು. ಎರಡು, ಕಳೆದ ವಾರ ಇವರ ಮನೆಯೊಳಗೆ ಬಂದು ಕೂತವರು ಯಾರು.

ಪಂಚಾಕ್ಷರಯ್ಯನವರು ಕಾಗದವನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ. ಮೊದಲ ವರ್ಷ ಕ್ವಾರಿಯಿಂದ ಕಲ್ಲನ್ನು ತಾವೇ ಹೆಗಲ ಮೇಲೆ ಹೊತ್ತು ತಂದವರು.

“ನೀವು ಕಲ್ಲು ನಿಲ್ಲಿಸಬೇಡಿ ಅಂತ ಬರೆದಿದೀರಿ. ಅವರು ಓದೋದು ಮೊದಲ್ನೇ ಸಾಲು ಮಾತ್ರ. ತಪ್ಪಾಗಿದೆ ಅಂತ ನಾವೇ ಒಪ್ಕೊಂಡ್ರೆ ಬಾಗ್ಲು ಹಾಕ್ತಾರೆ. ಕಲ್ಲು ನಿಂತ ದಿನ ಹಾಲಮ್ಮ ಎಲ್ಲಿರ್ತಾಳೆ, ಹೇಳಿ ನೋಡಣ?”

ನಾನು ಕಾಗದವನ್ನು ಮೇಜಿನಿಂದ ವಾಪಸು ತೆಗೆದುಕೊಂಡೆ.

“ಈ ತಿಂಗಳು ಬೇಡ,” ಅಂದರು. “ಮುಂದೆ ನೋಡೋಣ.”

ಮುಂದಿನ ತಿಂಗಳೂ ಬೇಡ ಅಂದರು. ಅದರ ಮುಂದಿನ ತಿಂಗಳು ನಾನೇ ಕೇಳಲಿಲ್ಲ. ಸತ್ಯ ಹೇಳಬೇಕೆಂದರೆ ತಡವಾದದ್ದು ಅವರಿಂದ ಮಾತ್ರ ಅಲ್ಲ. ಕಾಗದ ಹೋದರೆ ನನ್ನ ಕೆಲಸ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹಳೆಯ ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ ನಾನೊಬ್ಬಳೇ ಇರುವುದು. ಆ ರಿಜಿಸ್ಟರು ಕಂಕುಳಲ್ಲಿ ಇಲ್ಲದಿದ್ದರೆ ಊರಿನಲ್ಲಿ ಯಾವ ಮನೆಯ ಬಾಗಿಲು ತಟ್ಟಲಿಕ್ಕೂ ನನಗೆ ನೆಪವಿಲ್ಲ. ಇನ್ನೊಂದು ಸಂಕಟ, ಅಷ್ಟು ಕಷ್ಟಪಟ್ಟು ಕಲಿತ ಅಕ್ಷರದಲ್ಲಿ ಮೂರು ವರ್ಷ ಕ್ಷೇಮ ಅಂತ ಬರೆದವಳು, ಅದು ಸುಳ್ಳು ಅಂತ ಅದೇ ಅಕ್ಷರದಲ್ಲಿ ಬರೆಯಬೇಕಿತ್ತು. ಕಾಗದವನ್ನು ಮಡಿಸಿ ಟ್ರಂಕಿನಲ್ಲಿ, ಯಜಮಾನರ ಶಾಲಿನ ಕೆಳಗೆ ಇಟ್ಟೆ. ದಿನ ಹೋದಂತೆಲ್ಲ ಅದರ ಮೇಲೆ ಬಟ್ಟೆ ಸೇರುತ್ತಾ ಹೋಯಿತು.

ಆದರೂ ಹಾಲಮ್ಮನ ಮನೆಗೆ ದಿನಾ ಹೋಗಲು ಶುರುಮಾಡಿದೆ. ಕಲ್ಲು ಬಿಡಿಸಿ, ಕೈಹಿಡಿದುಕೊಂಡು ನಲ್ಲಿಗೆ ಹೋಗುವುದು. ಮೊದಲ ದಿನ ಬೀದಿಯವರು ಕಿಟಕಿಯಲ್ಲಿ ನಿಂತು ನೋಡಿದರು. ಹಾಲಮ್ಮ ಗಾಳಿಪಟದ ಹಾಗೆ ನನ್ನ ಕೈಯಲ್ಲಿ ಅಲುಗಾಡುತ್ತಾ, “ಗಟ್ಟಿಯಾಗಿ ಹಿಡ್ಕೊಳೇ, ನಿನ್ನ ಕೈಯೇನು ಬೆಣ್ಣೆಯಾ?” ಅಂತ ಗದರುತ್ತಿದ್ದಳು. ಮಾಘದಲ್ಲಿ ತೂಗಿದಾಗ ಏಳು. ಚೈತ್ರದಲ್ಲಿ ಒಂಬತ್ತು. ಯಂತ್ರ ಕೆಟ್ಟಿರಬೇಕು ಅಂತ ಸಂಘದ ಒಂದು ಕಲ್ಲು ಇಟ್ಟು ನೋಡಿದೆ, ಸರಿಯಾಗಿ ಒಂದು ತೋರಿಸಿತು.

ಒಂದು ದಿನ ಪಂಚಾಕ್ಷರಯ್ಯನವರು ತಾವಾಗಿಯೇ, “ಹಾಲಮ್ಮ ಈಗ ಎಷ್ಟು?” ಅಂತ ಮೆಲ್ಲಗೆ ಕೇಳಿದರು.

“ಒಂಬತ್ತು.”

“ಒಂಬತ್ತೇನಾ?”

“ಆರಿತ್ತು ಅಧ್ಯಕ್ಷರೇ.”

ಅವರು ಗೋಡೆಯ ಮೇಲಿನ ಕೆಂಪು ಗೆರೆ ನೋಡಿದರು. ನಾನು ಒಬ್ಬಳು, ಮನೆ ಹದಿನಾಲ್ಕು. ಹಾಲಮ್ಮನಿಗೆ ಮೂರು ಕಿಲೋ ಬಂದ ಹೊತ್ತಿಗೆ ಉಳಿದವರಿಗೆ ಒಟ್ಟು ಹನ್ನೊಂದು ಕಲ್ಲು ಸೇರಿಸಿ ಆಗಿತ್ತು.

ಜ್ಯೇಷ್ಠದ ಕೊನೆಗೆ ದತ್ತಿಯವರ ಪತ್ರ ಬಂತು. ಪಂಚಾಕ್ಷರಯ್ಯನವರು ಎಲ್ಲರನ್ನೂ ಕರೆದು ನಿಲ್ಲಿಸಿ ಗಟ್ಟಿಯಾಗಿ ಓದಿದರು. ಮೂರು ವರ್ಷ ತೂಕ ಒಂದು ಚೂರೂ ಇಳಿಯದ್ದು ಅವರಿಗೆ ಬಹಳ ಸಂತೋಷ ತಂದಿದೆ. ಇಂಥ ಫಲಿತಾಂಶ ಬೇರೆಲ್ಲೂ ಕಂಡಿಲ್ಲ. ಬರುವ ಶ್ರಾವಣದಿಂದ ಇದೇ ಕ್ರಮವನ್ನು ಇನ್ನು ಐದು ಊರುಗಳಿಗೆ ವಿಸ್ತರಿಸುತ್ತಾರೆ. ನಮ್ಮ ರಿಜಿಸ್ಟರನ್ನೇ ಮಾದರಿಯಾಗಿ ಅಚ್ಚು ಹಾಕಿಸುತ್ತಾರೆ, ಅಕ್ಷರ ಬಹಳ ಚೆನ್ನಾಗಿದೆ. ಓದಿ ಮುಗಿಸಿದಾಗ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಪಂಚಾಕ್ಷರಯ್ಯನವರು ನನ್ನ ಕಡೆ ನೋಡಿ, ತಟಕ್ಕನೆ ಕಣ್ಣು ಬೇರೆಡೆಗೆ ತಿರುಗಿಸಿದರು.

ಆ ಐದು ಊರುಗಳ ಹೆಸರೂ ನನಗೆ ಗೊತ್ತಿಲ್ಲ. ಅಲ್ಲಿ ಯಾರೋ ಒಬ್ಬಳು ಒಬ್ಬಳನ್ನು ಬೈಯುತ್ತಾ ಕೈಹಿಡಿದು ನಲ್ಲಿಗೆ ಕರೆದುಕೊಂಡು ಹೋಗುತ್ತಿರಬೇಕು ಅನ್ನಿಸಿತು. ಶ್ರಾವಣದಲ್ಲಿ ಅವಳು ಬಾಗಿಲಲ್ಲೇ ನಿಂತು, ಇನ್ನು ನಿಮಗೆ ಕಲ್ಲಿದೆಯಲ್ಲಜ್ಜಿ ಅನ್ನುತ್ತಾಳೆ. ನನ್ನ ಅಕ್ಷರ ನೋಡಿ ಅಲ್ಲೊಬ್ಬಳು ಕ್ಷೇಮ ಅಂತ ಬರೆಯಲು ಕಲಿಯುತ್ತಾಳೆ.

ಹಾಲಮ್ಮನಿಗೆ ಎಲ್ಲ ಹೇಳಿದೆ. ಅವಳು ನೆನೆಸಿದ ಅವರೆಕಾಳಿನ ಸಿಪ್ಪೆ ಬಿಡಿಸುತ್ತಿದ್ದಳು.

“ಎಂಟು ತಿಂಗ್ಳು ಕಾಗದ ಇಟ್ಕೊಂಡು ಏನ್ ಮರಿ ಹಾಕ್ಸಿದೆ?” ಅಂದಳು.

“ಕಲ್ಲು ನಿಂತ್ರೆ ಹಾಲಕ್ಕ? ಈ ಗಾಳೀಲಿ?”

“ನಿಂತ್ರೆ ಹಂಡೆ ಕಿವಿ ಇದೆ. ನೀನಿದೀಯ.” ಒಂದು ಕಾಳನ್ನು ಹಿಸುಕಿ ತಟ್ಟೆಗೆ ಬೀಳಿಸಿದಳು. “ನನ್ನ ಹೆಸರು ಹಾಕಿದೀಯೇನು?”

“ಇಲ್ಲ. ನಿನ್ನ ಮರ್ಯಾದೆ ಅಂತ…”

“ಹಾಕು. ಭಟ್ಟಿ ಹಾಲಮ್ಮ, ಆರು ಕಿಲೋ ಇದ್ಲು ಅಂತ ಬರಿ. ಹೆಸರಿಲ್ಲದ ಆರು ಕಿಲೋನ ಯಾರು ನಂಬ್ತಾರೆ? ಬೆಲ್ಲ ಅಂದ್ಕೊಂಡಾರು.”

ಕೋಣೆಗೆ ಬಂದು ಟ್ರಂಕು ತೆಗೆದು ಕಾಗದವನ್ನು ಹೊಸದಾಗಿ ಬರೆಯಲು ಕೂತೆ. ಮಧ್ಯಾಹ್ನದ ಬಿಸಿಲು ಹೊಸ್ತಿಲ ಹತ್ತಿರ ಇತ್ತು. ಹಾಲಮ್ಮನ ಹೆಸರು ಹಾಕಿದೆ. ಕೋಷ್ಟಕ ಹೇಗಿರಬೇಕು ಅಂತ ಅವರಿಗೆ ತಿಳಿಯಲಿ ಎಂದು ಕೊನೆಯಲ್ಲಿ ಗೆರೆ ಎಳೆದು ಒಂದು ಮಾದರಿ ಸಾಲು ತುಂಬಬೇಕಿತ್ತು. ಯಾರ ಹೆಸರು ಹಾಕಲಿ ಅಂತ ಲೇಖನಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಹಾಲಮ್ಮನ ಮನೆಗೆ ನಾನೇ ದಿನಾ ಹೋಗುವವಳು, ಅದು ಮಾದರಿಯಾಗುವುದಿಲ್ಲ; ಉಳಿದವರ ಹೆಸರು ಕೇಳದೆ ಹಾಕುವ ಹಾಗಿರಲಿಲ್ಲ. ಕೇಳಬೇಕಾದ ಅಗತ್ಯವಿಲ್ಲದ ಹೆಸರು ಒಂದೇ ಇತ್ತು.

ನನಗೂ ಸಂಘದ ಕಲ್ಲಿದೆ. ಪ್ರತಿ ತಿಂಗಳು ನನ್ನ ತೂಕವನ್ನು ನಾನೇ ನೋಡಿ ಐವತ್ತು ಅಂತ ಬರೆದುಕೊಳ್ಳುತ್ತಿದ್ದೆ, ಬೇಕಾದಾಗ ಕಲ್ಲನ್ನೂ ನಾನೇ ಸೇರಿಸಿಕೊಳ್ಳುತ್ತಿದ್ದೆ. ಊರಿನವರದ್ದೆಲ್ಲ ಬಿಚ್ಚಿ ತೂಗಿದವಳು ನನ್ನದನ್ನು ತೂಗಿರಲಿಲ್ಲ. ಎದ್ದು ಕಿಟಕಿ ಹಾಕಿದೆ. ಸೆರಗನ್ನು ಕಿಟಕಿಯ ಸರಳಿಗೆ ಸಡಿಲವಾಗಿ ಕಟ್ಟಿದೆ. ಬೆನ್ನಿನ ಕಡೆಯ ಗಂಟು ಕೈಗೆ ಸಿಗಲಿಲ್ಲ, ಬಿಚ್ಚಿಕೊಡಲು ಯಾರೂ ಇರಲಿಲ್ಲ, ಕತ್ತರಿಯಿಂದ ಕತ್ತರಿಸಿದೆ. ಕಲ್ಲು ಬಿದ್ದ ಮೇಲೆ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತೆ. ಆಮೇಲೆ ಮೂಲೆಯಲ್ಲಿ ಇಟ್ಟುಕೊಂಡಿದ್ದ ತೂಕದ ಯಂತ್ರದ ಮೇಲೆ ಕಾಲಿಟ್ಟೆ. ಹತ್ತೊಂಬತ್ತು.

ಹೆಸರು, ಚನ್ನಾಜಮ್ಮ. ವಯಸ್ಸು, ಅರವತ್ತೆಂಟು. ಕಲ್ಲಿನ ಸಮೇತ, ಐವತ್ತು. ಕಲ್ಲು ಬಿಚ್ಚಿ, ಹತ್ತೊಂಬತ್ತು. ಕೊನೆಯ ಕಾಲಂಗೆ ಬಂದು ನಿಂತೆ. ಕಳೆದ ವಾರ ಇವರ ಮನೆಯೊಳಗೆ ಬಂದು ಕೂತವರು ಯಾರು. ಸೋಮವಾರದಿಂದ ನೆನೆಸಿಕೊಂಡು ಬಂದೆ. ಹಾಲಿನವನು ಪ್ಯಾಕೆಟ್ಟನ್ನು ಬಾಗಿಲ ಕೊಕ್ಕೆಗೆ ಸಿಕ್ಕಿಸಿ ಹೋಗುತ್ತಾನೆ. ಗುರುವಾರ ಕರೆಂಟಿನ ರೀಡಿಂಗ್‌ನವನು ಬಂದಿದ್ದ, ಮೀಟರು ಹೊರಗೋಡೆಯ ಮೇಲಿದೆ. ಹಾಲಮ್ಮನನ್ನು ನೋಡಲು ನಾನು ಹೋಗುತ್ತೇನೆ, ಇಷ್ಟು ದೂರ ಬರಲು ಅವಳಿಗೆ ಆಗುವುದಿಲ್ಲ. ಅದರ ಹಿಂದಿನ ವಾರವನ್ನೂ ನೆನೆಸಿಕೊಂಡು ನೋಡಿದೆ. ಆಮೇಲೆ, ‘ಯಾರೂ ಇಲ್ಲ’ ಅಂತ ಬರೆದೆ. ಅಕ್ಷರ ದುಂಡಗೆ ಬಂತು.

ಚೀಲವನ್ನು ಮತ್ತೆ ಹೊಲಿದು, ಈ ಸಲ ಗಂಟು ಮುಂದಕ್ಕೆ ಬರುವ ಹಾಗೆ ಕಟ್ಟಿಕೊಂಡು, ಲಕೋಟೆ ಅಂಟಿಸಿ ಹೊರಟೆ. ಬೀದಿಯಲ್ಲಿ ಗಾಳಿ ಎದ್ದಿತ್ತು. ಸಂಘದ ಜಗಲಿಯಲ್ಲಿ ಪಂಚಾಕ್ಷರಯ್ಯನವರು ನಿಂತಿದ್ದರು. ನನ್ನ ಕೈ ನೋಡಿದರು.

“ಇವತ್ತೇನಾ?”

“ಇವತ್ತೇ.”

“ರಿಜಿಸ್ಟರು?”

“ಕಪಾಟಲ್ಲಿದೆ. ಕೀಲಿ ನಿಮ್ಮ ಮೇಜಿನ ಮೇಲಿಟ್ಟಿದೀನಿ.”

“ಗಾಳಿ ಜೋರಿದೆ ಚನ್ನಾಜಮ್ಮ, ಹಗ್ಗ ಹಿಡ್ಕೊಂಡು ಹೋಗಿ,” ಅಂದರು.

ಹಗ್ಗ ಹಿಡಿದುಕೊಂಡೇ ಹೋದೆ. ಅಂಚೆ ಕಚೇರಿಯ ಮುಂದಿನ ಡಬ್ಬಿಯ ಬಾಯಲ್ಲಿ ಲಕೋಟೆ ಇಟ್ಟು ಬೆರಳಿನಿಂದ ಒಳಗೆ ತಳ್ಳಿದೆ. ತಳಕ್ಕೆ ಬಿದ್ದ ಸದ್ದು ಕೇಳಿಸಿತು. ನಾಲ್ಕೂವರೆಗೆ ಅಂಚೆಯವನು ಬಂದು ಡಬ್ಬಿ ತೆಗೆದು, ಕಾಗದಗಳನ್ನು ಚೀಲಕ್ಕೆ ಸುರಿದುಕೊಂಡ. “ಏನಮ್ಮ, ವಾಪಸ್ ಬೇಕಿತ್ತಾ?” ಅಂತ ಕೇಳಿದ. ಬೇಡಪ್ಪ ಅಂದೆ. ಅವನ ಸೈಕಲ್ಲು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದೆ.